ಮಾರವಾಡಿ ಕುದರಿ ಗಂಡುಮರಿಗೆ ಈಗ್ಲೇ ಜೀನು ಹಾಕಬಹುದಾ? ಮೊಣಕಾಲ ಮ್ಯಾಲ ಬಾವು ಐತಿ

ಅಥಣಿ_ಸವಾರ:
ನಮಸ್ಕಾರ್ರಿ ಎಲ್ಲಾರಿಗೂ. ಹ್ವಾದ ಡಿಸೆಂಬರದಾಗ ಸಾರಂಗಖೇಡಾ ಜಾತ್ರಿಯಿಂದ ಒಂದು ಮಾರವಾಡಿ ಗಂಡುಮರಿ ತಂದೇವ್ರಿ. ಬಣ್ಣ ಕುಮೈತ, ಕಿವಿ ನಿಗುರಿಸಿದ್ರ ಎರಡೂ ತುದಿ ಕೂಡತಾವು. ಮಾರಿದಾವ "ಮೂರು ವರ್ಷ ತುಂಬೇತಿ, ನಾಳೆನ ಹತ್ರಿ" ಅಂದಾನ. ನಮ್ಮ ಕಾಕಾಗ ಜೀನು ಹಾಕೂ ಅವಸರ. ಅದರ ಮ್ಯಾಲ ಒಬ್ಬ ಉಸ್ತಾದ ಬಂದು ಮದುವಿ ಸೀಸನ್ನಿಗೆ ಕುಣಿಯೂದು ಕಲಸ್ತೀನಿ ಅಂತ ಅಡ್ವಾನ್ಸೂ ಇಸಕೊಂಡಾನ.

ನನಗ ಸಂಶಯ ಯಾಕ ಬಂತಂದ್ರ, ಮುಂಗಾಲಿನ ಮೊಣಕಾಲಿಗೆ ಸ್ವಲ್ಪ ಮ್ಯಾಲ, ಒಳಮಗ್ಗಲಿಗೆ, ಗಟ್ಟಿ ಉಬ್ಬು ಕಾಣಾಕ್ಹತ್ತೇತಿ. ಎರಡೂ ಕಾಲಿಗೆ ಐತಿ. ಮುಟ್ಟಿದ್ರ ಸ್ವಲ್ಪ ಬಿಸಿ. ಕುಂಟೂದಿಲ್ಲ, ಆದ್ರ ಮುಂಜಾನೆ ಬಿಚ್ಚಿದ ಕೂಡ್ಲೆ ಕಾಲು ಬಿಗಿ ಮಾಡಿ ನಡೀತೇತಿ. ದಿನಾ ಸಂಜೀಕ ಉಳುಮಿ ಮಾಡಿದ ಹೊಲದಾಗ ಉದ್ದ ಹಗ್ಗ ಹಿಡದು ಅರ್ಧಾ ತಾಸು ಸುತ್ತ ಓಡಸ್ತೇವಿ. ಉಳಿದ ಹೊತ್ತು ಕೊಟಗ್ಯಾಗ ಅಗಾಡಿ-ಪಿಛಾಡಿ (ಮುಂಗಾಲಿಗೆ, ಹಿಂಗಾಲಿಗೆ ಹಗ್ಗ) ಹಾಕಿ ಕಟ್ಟಿರತೇವಿ. ಹತ್ತಬಹುದೋ ಬ್ಯಾಡೋ?

ಹಳೇಹುಲಿ:
ತಮ್ಮಾ, ಇದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋಬೇಡ. ನಮ್ಮಜ್ಜನ ಕಾಲದಲ್ಲಿ ಎರಡು ವರ್ಷಕ್ಕೆ ಹತ್ತಿ ಸಂತೆಗೆ ಹೋಗ್ತಿದ್ರು. ಮೊಣಕಾಲಿಗೆ ಅರಿಶಿನ, ಸುಣ್ಣ, ಬೆಲ್ಲ ಅರೆದು ಪಟ್ಟು ಹಾಕು, ಇಳಿಯುತ್ತೆ. ರೇಸಿನ ಕುದುರೆಗಳು ಎರಡು ವರ್ಷಕ್ಕೇ ಓಡಲ್ವಾ?

ಗೋಮಾಳ:
ನಾನು ನಿವೃತ್ತ ಪಶುವೈದ್ಯ. ದನ-ಎಮ್ಮೆಗಳ ಜೊತೆಗೇ ಹೆಚ್ಚು ಬದುಕಿದ್ದು, ಆದರೂ ಕುದುರೆಯ ಕಾಲುಗಳನ್ನು ಸಾಕಷ್ಟು ಮುಟ್ಟಿ ನೋಡಿದ್ದೇನೆ. ಪಟ್ಟು ಆಮೇಲೆ. ಮೊದಲು ಮರಿಯ ಕೆಳತುಟಿ ಸರಿಸಿ ಮುಂದಿನ ಹಲ್ಲುಗಳ ಫೋಟೋ ಹಾಕಿ. ಮಾರಿದವನ ಬಾಯಿಗಿಂತ ಕುದುರೆಯ ಬಾಯಿ ನಂಬಿಕಸ್ಥ.

ಹಾಗೇ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿನ್ನಿಸುತ್ತೀರಿ, ಒಂದೂ ಬಿಡದೆ ಬರೆಯಿರಿ. ಬೆಲ್ಲ, ತುಪ್ಪ ಎಲ್ಲ ಸೇರಿಸಿ.

ಅಥಣಿ_ಸವಾರ:
ಫೋಟೋ ಹಾಕೇನ್ರಿ ಡಾಕ್ಟ್ರ. ಬೆಳಗಾಮುಂಜಾನೆ ನೆನಸಿದ ಹುರಳಿ ಮತ್ತ ಕಡ್ಲಿ. ಮಧ್ಯಾಹ್ನ ಒಂದು ದೊಡ್ಡ ಬುಟ್ಟಿ ಗೋಧಿ ತೌಡು ಕಲಸಿ ಇಡತೇವಿ, ಅದರಾಗ ಬೆಲ್ಲ. ಹಸಿ ಮೇವು ಅಂದ್ರ ನೇಪಿಯರ್ ಹುಲ್ಲು, ಕಬ್ಬು ಕಡಿಯೂ ಟೈಮಿನ್ಯಾಗ ಸೋಗಿ. ರಾತ್ರಿ ಜ್ವಾಳದ ಕಣಕಿ. ಅಮಾಸಿಗೊಮ್ಮೆ ತುಪ್ಪ ಕುಡಸ್ತಾರ ಕಾಕಾ.

ಪ್ಯಾಡಾಕ್_ಪುಟ್ಟ:
ಡಾಕ್ಟರು ಬರೋ ಮುಂಚೆ ಹಳೇಹುಲಿ ಅವರ ರೇಸಿನ ಮಾತಿಗೆ ಉತ್ತರ ಕೊಟ್ಬಿಡ್ತೀನಿ. ಬೆಂಗಳೂರಲ್ಲಿ ರೇಸ್ ಕುದುರೆಗಳಿಗೆ ಬೆಳಗಿನ ಕೆಲಸ ಮಾಡ್ಸೋ ರೈಡರ್ ಆಗಿದ್ದೆ. ಎರಡು ವರ್ಷಕ್ಕೆ ಓಡ್ತಾವೆ ಅನ್ನೋದು ನಿಜ. ಆದರೆ ಅವು ಥರೋಬ್ರೆಡ್, ರೇಸಿಗೆ ಅಂತಲೇ ಬೆಳೆಸೋ ತಳಿ. ಸ್ಟಡ್ ಫಾರ್ಮ್‌ನಲ್ಲಿ ಹುಟ್ಟಿದ ದಿನದಿಂದ ತಾಯಿ ಜೊತೆ ಬಯಲಲ್ಲಿ ಓಡಾಡ್ಕೊಂಡು ಬೆಳೆದಿರ್ತಾವೆ. ಕುಣಿಗಲ್ ಕಡೆ ಹೋದ್ರೆ ನೋಡಿ, ಮರಿಗಳು ಗುಂಪಾಗಿ ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ತಾವೇ ರೇಸ್ ಇಟ್ಕೊಂಡಿರ್ತಾವೆ. ರೇಸ್‌ಕೋರ್ಸ್‌ಗೆ ಬಂದ ಮೇಲೂ ಮೊದಲು ಬಾಯಿಗೆ ಕಡಿವಾಣ ರೂಢಿ, ಆಮೇಲೆ ಬೆನ್ನ ಮೇಲೆ ಅಡ್ಡ ಮಲಗೋದು, ಆಮೇಲೆ ಹಗುರ ಹುಡುಗರು ಕೂರೋದು. ತಿಂಗಳುಗಟ್ಟಲೆ ನಡಿಗೆ, ಟ್ರಾಟ್ (ನಡಿಗೆಗಿಂತ ಜೋರು, ಕುಕ್ಕುಲೋಟ), ನಿಧಾನದ ಕ್ಯಾಂಟರ್ (ಅದಕ್ಕಿಂತ ಜೋರು, ನೆಗೆತದ ಓಟ). ವೇಗದ ಕೆಲಸ ಎಲ್ಲಕ್ಕಿಂತ ಕೊನೆಗೆ.

ಇಷ್ಟೆಲ್ಲಾ ಮಾಡಿದ್ರೂ ಎಷ್ಟೋ ಮರಿಗಳಿಗೆ ಶಿನ್ಸ್ ಬರುತ್ತೆ. ಮುಂಗಾಲಿನ ನಳಿಗೆ ಮೂಳೆಯ ಮುಂಭಾಗ ಊದ್ಕೊಂಡು, ಬೆರಳು ಆನಿಸಿದ್ರೆ ಕಾಲು ಕಿತ್ಕೊಳ್ಳುತ್ತೆ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಇಲ್ಲಿ ಥರೋಬ್ರೆಡ್‌ಗಳ ಹುಟ್ಟುಹಬ್ಬ ಎಲ್ಲಕ್ಕೂ ಜನವರಿ 1. ಏಪ್ರಿಲ್ ಕೊನೆಗೆ ಹುಟ್ಟಿದ ಮರಿ ಕಾಗದದ ಮೇಲೆ ಎರಡು ವರ್ಷ ಅಂದಾಗ ನಿಜಕ್ಕೂ ಇಪ್ಪತ್ತು ತಿಂಗಳಾಗಿರುತ್ತೆ. ಇಂಗ್ಲೆಂಡಿನ ಎಪ್ಸಮ್ ಡರ್ಬಿ ರೇಸ್ ಮೂರು ವರ್ಷದವಕ್ಕೆ, ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿ ನಾಲ್ಕು ವರ್ಷದವಕ್ಕೆ. ಕಾಗದದ ಮೇಲಿನ ಆ ಒಂದು ವರ್ಷದ ಲಾಭ ನಮ್ಮ ಕುದುರೆಗಳಿಗೆ ಸಿಕ್ಕಿದ್ದು ಕ್ಯಾಲೆಂಡರ್ ಲೆಕ್ಕದಿಂದ, ಕರುಣೆಯಿಂದ ಅಲ್ಲ 😄

ಹಳೇಹುಲಿ:
ಅಂದ್ರೆ ರೇಸಿನವರು ಮಾಡೋದು ತಪ್ಪೋ ಸರಿಯೋ? ಒಂದು ಕಡೆ ನಿಲ್ಲಪ್ಪ.

ಗೋಮಾಳ:
ಫೋಟೋ ನೋಡಿದೆ. ಅಥಣಿಯವರೇ, ಕೂತು ಓದಿ.

ಕುದುರೆಯ ಮುಂದಿನ ಹಾಲುಹಲ್ಲುಗಳಲ್ಲಿ ಮಧ್ಯದ ಜೋಡಿ ಬಿದ್ದು ಗಟ್ಟಿಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ. ಪಕ್ಕದ ಜೋಡಿ ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ. ನಿಮ್ಮ ಮರಿಯ ಬಾಯಲ್ಲಿ ಎಲ್ಲವೂ ಹಾಲುಹಲ್ಲು: ಚಿಕ್ಕವು, ಬೆಳ್ಳಗೆ, ಬುಡ ಸಣ್ಣ. ಮಧ್ಯದವು ಅಲ್ಲಾಡಲೂ ಶುರುವಾಗಿಲ್ಲ. ಮೂರು ವರ್ಷ ಎಂಬುದು ಸುಳ್ಳು. ಎರಡೂವರೆ ಕೂಡ ಆಗಿಲ್ಲ, ಎರಡರ ಒಳಗೇ ಇರಬೇಕು ಎಂದು ನನ್ನ ಅಂದಾಜು.

ಈಗ ಬಾವಿನ ವಿಷಯ. ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆ ತಟ್ಟೆ ಇರುತ್ತದೆ, ಮೃದ್ವಸ್ಥಿಯದ್ದು. ಮೂಳೆ ಉದ್ದವಾಗುವುದು ಅಲ್ಲಿಂದ. ಅದು ಪೂರ್ತಿ ಮೂಳೆಯಾಗಿ ಮುಚ್ಚಿಕೊಳ್ಳುವವರೆಗೆ ಆ ಜಾಗ ನಾಜೂಕು. ಕುದುರೆಯಲ್ಲಿ ಇವು ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತಾ ಹೋಗುತ್ತವೆ ಎನ್ನಬಹುದು. ಗೊರಸಿನ ಮೇಲಿನ ಗಿಣ್ಣಿನ ಸುತ್ತಲಿನವು ಮೊದಲ ವರ್ಷದೊಳಗೆ ಮುಗಿಯುತ್ತವೆ. ಮೊಣಕಾಲಿನ ಮೇಲೆ, ನಿಮ್ಮ ಮರಿಗೆ ಉಬ್ಬು ಇರುವ ಜಾಗದ್ದು ಎರಡರಿಂದ ಎರಡೂವರೆ ವರ್ಷಕ್ಕೆ, ಕೆಲವಲ್ಲಿ ಇನ್ನೂ ತಡವಾಗಿ. ಬೆನ್ನುಮೂಳೆಯ ತಟ್ಟೆಗಳು ಐದು ವರ್ಷ ದಾಟಿದ ಮೇಲೆ. ಮಾರವಾಡಿ ಆಗಲಿ ಥರೋಬ್ರೆಡ್ ಆಗಲಿ, ಈ ಕ್ರಮದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. "ನಮ್ಮ ತಳಿ ಬೇಗ ಬಲಿಯುತ್ತದೆ" ಎಂದು ಪ್ರತಿ ತಳಿಯವರೂ ಹೇಳುತ್ತಾರೆ.

ಹಾಗಾಗಿ ನಿಮ್ಮದು ಫೈಸೈಟಿಸ್ ಇರಬಹುದು, ಅಂದರೆ ಬೆಳವಣಿಗೆ ತಟ್ಟೆಯ ಉರಿಯೂತ. ಒಂದರಿಂದ ಎರಡು ವರ್ಷದ ನಡುವೆ ಆ ಜಾಗದಲ್ಲಿ ಬರುವುದು ಸಾಮಾನ್ಯ. ಎರಡೂ ಕಾಲಿಗೆ ಒಂದೇ ಥರ ಇರುವುದು, ಗಟ್ಟಿ ಇರುವುದು, ಬೆಳಗಿನ ಬಿಗಿ, ಎಲ್ಲ ಹೊಂದುತ್ತದೆ. ಆದರೆ ಫೋಟೋ ನೋಡಿ ಇದೇ ಎಂದು ಹೇಳುವವನು ವೈದ್ಯನಲ್ಲ. ಎಕ್ಸ್‌ರೇ ತೆಗೆಸಿ. ಹಿಂಗಾಲಿನ ಹಾಕ್ ಕೀಲಿನದ್ದೂ (ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ದೊಡ್ಡ ಕೀಲು) ತೆಗೆಸಿ. ಅಲ್ಲಿ ನೀರು ತುಂಬಿದಂತೆ ಮೆತ್ತಗಿನ ಊತ ಇದ್ದರೆ ಅದು ಬೇರೆ ಕಥೆ.

ಸವಾರಿ ಬೇಡ. ಕುಣಿತ ಖಂಡಿತ ಬೇಡ. ಸುತ್ತ ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಆದರೆ ಕಟ್ಟಿಹಾಕಲೂ ಬೇಡಿ, ಅದನ್ನು ನಾಳೆ ವಿವರವಾಗಿ ಬರೆಯುತ್ತೇನೆ.

ಬೆಂಗ್ಳೂರು_ಟ್ರಾಟ್:
ಡಾಕ್ಟರ್, ಒಂದು ಸಂದೇಹ. ನಮ್ಮ ರೈಡಿಂಗ್ ಸ್ಕೂಲಲ್ಲಿ ಮರಿಗಳಿಗೆ ಲಂಜಿಂಗೇ (ಉದ್ದ ಹಗ್ಗದಲ್ಲಿ ಸುತ್ತ ಓಡಿಸೋದು) ಮೊದಲ ಪಾಠ. ಬೆನ್ನ ಮೇಲೆ ಭಾರ ಇಲ್ಲ, ಹಾಗಾಗಿ ಕೀಲಿಗೆ ತೊಂದರೆ ಇಲ್ಲ ಅಂತಾರೆ. ಅದೂ ತಪ್ಪಾ?

ಪ್ಯಾಡಾಕ್_ಪುಟ್ಟ:
ನಾನು ಹೇಳ್ತೀನಿ. ಸುತ್ತು ತಿರುಗುವಾಗ ಕುದುರೆ ಒಳಗಡೆಗೆ ವಾಲುತ್ತೆ. ಒಳಗಾಲಿನ ಕೀಲು ಒಂದು ಪಕ್ಕ ಮಾತ್ರ ಅದುಮಿಸ್ಕೊಳ್ಳುತ್ತೆ, ಗಿಣ್ಣು ಸ್ವಲ್ಪ ತಿರುಚಿದ ಹಾಗಾಗುತ್ತೆ. ಸುತ್ತು ಚಿಕ್ಕದಾದಷ್ಟೂ, ವೇಗ ಹೆಚ್ಚಿದಷ್ಟೂ ಇದು ಜಾಸ್ತಿ. ಇಪ್ಪತ್ತು ಮೀಟರ್ ಅಗಲದ ಸುತ್ತಲ್ಲಿ ಐದು ನಿಮಿಷ ನಡಿಗೆ, ಟ್ರಾಟ್, ದಿಕ್ಕು ಬದಲಿಸಿ ಮತ್ತೆ ಅಷ್ಟೇ ಅಂದ್ರೆ ಪಾಠ. ಉಳುಮೆ ಮಾಡಿದ ಸಡಿಲ ಮಣ್ಣಲ್ಲಿ ಅರ್ಧ ಗಂಟೆ ಅಂದ್ರೆ ಶಿಕ್ಷೆ. ಆಳದ ಮಣ್ಣಿಂದ ಕಾಲು ಕೀಳೋವಾಗ ಸ್ನಾಯುರಜ್ಜುಗಳಿಗೂ ಕೆಲಸ ಡಬಲ್. ಮೆತ್ತಗಿರೋ ನೆಲ ಒಳ್ಳೇದು ಅಂತ ನಮ್ಮ ಜನ ಉಳುಮೆ ಹೊಲ ಹುಡುಕ್ತಾರೆ. ಒಳ್ಳೇದು ಅಂದ್ರೆ ಮೆತ್ತಗೂ ಇರಬೇಕು, ಅದುಮಿದಾಗ ತಡೀಬೇಕು ಕೂಡ. ದನ ಓಡಾಡಿ ಕೂತ ಹುಲ್ಲಿನ ನೆಲದ ಥರ.

ಪೋಲ್ಡರ್_ಕನ್ನಡತಿ:
ಹುಬ್ಬಳ್ಳಿಯವಳು, ಈಗ ನೆದರ್ಲೆಂಡ್ಸ್‌ನಲ್ಲಿದ್ದೀನಿ, ವಾರಾಂತ್ಯಕ್ಕೆ ಒಂದು ಲಾಯದಲ್ಲಿ ಕೆಲಸ. "ಕಟ್ಟಿಹಾಕಲೂ ಬೇಡಿ" ಅಂತ ಡಾಕ್ಟರ್ ಬರೆದದ್ದು ಓದಿ ಸುಮ್ಮನಿರೋಕೆ ಆಗಲಿಲ್ಲ.

ಇಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿ, 1999ರಲ್ಲಿ ಪ್ರಕಟಿಸಿದರು. 43 ಡಚ್ ವಾರ್ಮ್‌ಬ್ಲಡ್ ತಳಿಯ ಕುದುರೆಮರಿಗಳು. ಹುಟ್ಟಿದ ಒಂದು ವಾರದಿಂದ ಐದು ತಿಂಗಳವರೆಗೆ ಮೂರು ಗುಂಪು. ಒಂದು ಗುಂಪು ತಾಯಿ ಜೊತೆ ಹುಲ್ಲುಗಾವಲಲ್ಲಿ ಹಗಲೂ ರಾತ್ರಿ. ಎರಡನೇದು ಲಾಯದ ಕೋಣೆಯಲ್ಲೇ. ಮೂರನೇದು ಕೋಣೆಯಲ್ಲೇ ಇದ್ದು, ದಿನಾ ಸ್ವಲ್ಪ ಹೊತ್ತು ಹೊರಗೆ ತಂದು ಜೋರಾಗಿ ಓಡಿಸಿ ಮತ್ತೆ ಒಳಗೆ. ಐದು ತಿಂಗಳಾದ ಮೇಲೆ ಉಳಿದ ಮರಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ಹನ್ನೊಂದು ತಿಂಗಳವರೆಗೆ ನೋಡಿದರು.

ಕೋಣೆಯಲ್ಲಿದ್ದವುಗಳ ಕೀಲಿನ ಮೃದ್ವಸ್ಥಿ ಬಲಿಯುವುದು ತಡವಾಗಿತ್ತು, ಬಿಟ್ಟ ಮೇಲೆ ಬಹುಪಾಲು ಸರಿದೂಗಿತು. ಕಟ್ಟಿಟ್ಟು ಓಡಿಸಿದ ಗುಂಪಿನದ್ದೇ ಬೇಜಾರಿನ ಸಂಗತಿ. ಅವುಗಳ ಮೃದ್ವಸ್ಥಿಯ ಕೋಶಗಳಲ್ಲಿ ಆಮೇಲೂ ದಣಿದ ಲಕ್ಷಣ ಉಳಿದಿತ್ತು. ಹುಲ್ಲುಗಾವಲಿನ ಗುಂಪು ಎಲ್ಲಕ್ಕಿಂತ ಚೆನ್ನಾಗಿತ್ತು.

ಅಥಣಿಯವರ ದಿನಚರಿ ಓದಿದಾಗ ನನಗೆ ಆ ಮೂರನೇ ಗುಂಪೇ ಕಣ್ಮುಂದೆ ಬಂತು.

ಗೋಮಾಳ:
ಶಹಬ್ಬಾಸ್. ನಾನು ಹೇಳಬೇಕೆಂದಿದ್ದ ಮುಖ್ಯ ಮಾತನ್ನು ನೀವೇ ಹೇಳಿದಿರಿ.

ಎಲ್ಲರೂ "ಎಷ್ಟು ವರ್ಷಕ್ಕೆ ಹತ್ತಬೇಕು" ಎಂದು ಜಗಳವಾಡುತ್ತಾರೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, ಹತ್ತದೇ ಇರುವ ಇಪ್ಪತ್ಮೂರೂವರೆ ತಾಸು ಕುದುರೆ ಎಲ್ಲಿ, ಹೇಗಿರುತ್ತದೆ ಎಂಬುದು. ನಮ್ಮ ಕಡೆ ಮುಂಗಾಲಿಗೊಂದು ಹಗ್ಗ, ಹಿಂಗಾಲಿಗೊಂದು ಹಗ್ಗ. ಎರಡು ಹೆಜ್ಜೆ ಮುಂದಿಲ್ಲ, ಎರಡು ಹೆಜ್ಜೆ ಹಿಂದಿಲ್ಲ. ಹುಲ್ಲು ಮೇಯುವ ಕುದುರೆ ಒಂದೊಂದೇ ಹೆಜ್ಜೆ ಹಾಕುತ್ತಾ ದಿನಕ್ಕೆ ಹತ್ತಾರು ತಾಸು ನಡೆಯುತ್ತಲೇ ಇರುತ್ತದೆ. ಕೀಲಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳವಿಲ್ಲ. ಕೀಲಿನ ದ್ರವದಿಂದಲೇ ಪೋಷಣೆ, ಅದು ಒಳಗೆ ಇಳಿಯುವುದು ಕೀಲು ಅದುಮಿ ಬಿಟ್ಟು ಅದುಮಿ ಬಿಟ್ಟು ಮಾಡಿದಾಗ. ನಿಂತಲ್ಲೇ ನಿಂತ ಮರಿಗೆ ಅದಿಲ್ಲ. ಸಂಜೆ ಬಿಚ್ಚಿದಾಗ ಕೂಡಿಟ್ಟ ಹುಮ್ಮಸ್ಸೆಲ್ಲ ಅರ್ಧ ತಾಸಿನಲ್ಲಿ ಹೊರಗೆ ಬರುತ್ತದೆ, ಅದೂ ಸುತ್ತಿನಲ್ಲಿ.

ಹಳೇಹುಲಿ ಅವರಿಗೂ ಒಂದು ಮಾತು. ನಿಮ್ಮಜ್ಜನ ಕುದುರೆ ಗೋಮಾಳದಲ್ಲಿ ಮೇಯ್ದು ಬೆಳೆದಿತ್ತು. ಸಂತೆಗೆ ಹೋಗುವಾಗ ನೇರ ದಾರಿಯಲ್ಲಿ ನಡೆದಿತ್ತು. ನಿಮ್ಮಜ್ಜನ ತೂಕವೂ ಈಗಿನ ನಮ್ಮಂತೆ ಇರಲಿಲ್ಲ.

ಹಳೇಹುಲಿ:
ತೂಕದ ವಿಷಯಕ್ಕೆ ಕೈ ಹಾಕಬೇಡಿ ಡಾಕ್ಟ್ರೇ 😀 ಆದರೆ ಗೋಮಾಳದ ಮಾತು ಒಪ್ಪಿದೆ. ಈಗ ಎಲ್ಲಿದೆ ಗೋಮಾಳ, ಲೇಔಟ್ ಆಗಿದೆ.

ಟಾಂಗಾ_ಮೈಸೂರು:
ನಮ್ಮ ತಂದೆ ಟಾಂಗಾ ಓಡಿಸ್ತಿದ್ರು. ನಾಲ್ಕು ವರ್ಷ ತುಂಬೋವರೆಗೂ ಗಾಡಿಗೆ ಕಟ್ತಿರಲಿಲ್ಲ. ಅದಕ್ಕೂ ಮುಂಚೆ ಹಳೇ ಕುದುರೆ ಪಕ್ಕದಲ್ಲಿ ಮರಿಗೆ ಬರೀ ಹಗ್ಗ ಹಾಕಿ ಕಾರಂಜಿ ಕೆರೆ ಕಡೆ ಬೆಳಿಗ್ಗೆ ನಡೆಸ್ಕೊಂಡು ಹೋಗೋರು. ಬಸ್ಸು, ಹಾರನ್ನು, ಬ್ಯಾಂಡ್‌ಸೆಟ್ಟು ಎಲ್ಲಾ ಆ ನಡಿಗೇಲೇ ರೂಢಿ. ಡಾಂಬರು ರಸ್ತೇಲಿ ಟ್ರಾಟ್ ಮಾಡ್ಸಿದ್ರೆ ಕೂಗಾಡೋರು. ಅವರಿಗೆ ಈ ತಟ್ಟೆ-ಗಿಟ್ಟೆ ಏನೂ ಗೊತ್ತಿರಲಿಲ್ಲ. ಕುದುರೆ ಕೆಟ್ರೆ ಒಲೆ ಉರಿಯಲ್ಲ ಅಂತ ಗೊತ್ತಿತ್ತು.

ಬೆಂಗ್ಳೂರು_ಟ್ರಾಟ್:
ಹಾಗಾದ್ರೆ ನಾಲ್ಕೈದು ವರ್ಷದವರೆಗೆ ಏನೂ ಮಾಡದೆ ಬಿಟ್ಟುಬಿಡೋದೇ ಸುರಕ್ಷಿತ ಅಲ್ವಾ? ಬೆನ್ನುಮೂಳೆಗೇ ಐದು ವರ್ಷ ಬೇಕು ಅಂದ್ರಲ್ಲ.

ಪ್ಯಾಡಾಕ್_ಪುಟ್ಟ:
ಇಲ್ಲ, ಅದೂ ಅತಿ. ಮೂಳೆಗೆ ಕೆಲಸ ಕೊಡದಿದ್ರೆ ಅದು ಗಟ್ಟಿಯಾಗಲ್ಲ. ಶಿನ್ಸ್ ಬಗ್ಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮಾಡಿದ ಕೆಲಸ ನಮ್ಮ ಟ್ರೇನರ್ ಒಬ್ಬರು ಹೇಳ್ತಿದ್ರು. ದಿನಾ ಮೈಲುಗಟ್ಟಲೆ ನಿಧಾನ ಕ್ಯಾಂಟರ್ ಮಾಡ್ಸಿ, ಅಪರೂಪಕ್ಕೊಮ್ಮೆ ಜೋರಾಗಿ ಓಡಿಸಿದ ಮರಿಗಳಿಗೆ ಶಿನ್ಸ್ ಹೆಚ್ಚು. ನಿಧಾನದ ಕೆಲಸ ಕಮ್ಮಿ ಮಾಡಿ, ಚಿಕ್ಕ ಚಿಕ್ಕ ದೂರದ ಜೋರು ಓಟವನ್ನ ಮೊದಲಿಂದಲೇ ಸ್ವಲ್ಪ ಸ್ವಲ್ಪ ಕೊಟ್ಟವುಗಳಿಗೆ ಕಮ್ಮಿ. ಯಾವ ಥರದ ಭಾರ ಬೀಳುತ್ತೋ ಮೂಳೆ ಆ ಥರಾನೇ ಕಟ್ಕೊಳ್ಳುತ್ತೆ.

ಗೋಮಾಳ:
ಹೌದು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಮರಿಗಳ ಬದಲು ಕರುಗಳನ್ನು ಬಳಸಿ ಇದನ್ನೇ ನೋಡಿದ್ದಾರೆ. 71 ಮೀಟರ್ ನೇರ ಓಟ, ವಾರಕ್ಕೆ ಒಂದೇ ದಿನ ಓಡಿದ ಕರುಗಳ ಕಾಲಿನ ಮೂಳೆಯೂ ಆರೇ ವಾರದಲ್ಲಿ ಕೂಡಿಹಾಕಿದವುಗಳಿಗಿಂತ ಗಟ್ಟಿಯಾಗಿತ್ತು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು, ಏಕೆಂದರೆ ನಮ್ಮ ಯಾವ ರೈತನೂ ಕರುವಿನ ಓಟವನ್ನು ವ್ಯಾಯಾಮ ಎಂದು ಲೆಕ್ಕಕ್ಕೆ ಹಿಡಿದವನಲ್ಲ.

ಉಟ್ರೆಕ್ಟ್‌ನದ್ದಕ್ಕೂ ಇದಕ್ಕೂ ವಿರೋಧವಿಲ್ಲ. ಅಲ್ಲಿ ವಾರ ತುಂಬಿದ ಎಳೆಮರಿಗೆ ದಿನಕ್ಕೆ ಹಲವು ಸಲ ಓಟ, ಉಳಿದ ಹೊತ್ತು ಬಂಧನ. ಇಲ್ಲಿ ಕೆಲವೇ ಕ್ಷಣದ ಓಟ. ಎರಡು ವರ್ಷಕ್ಕೆ ಓಡಿದ ಥರೋಬ್ರೆಡ್‌ಗಳು ಹೆಚ್ಚು ಕಾಲ ಬಾಳಿಕೆ ಬರುತ್ತವೆ ಎಂದು ನ್ಯೂಜಿಲೆಂಡ್ ಮೊದಲಾದ ಕಡೆಯ ರೇಸ್ ದಾಖಲೆಗಳಿಂದ ಲೆಕ್ಕ ತೆಗೆದವರೂ ಇದ್ದಾರೆ. ಅದನ್ನು ಓದುವಾಗ ಎಚ್ಚರ ಬೇಕು: ಎರಡು ವರ್ಷಕ್ಕೆ ಓಡಲು ಆದದ್ದೇ ಗಟ್ಟಿಕಾಲಿನ ಮರಿಗಳಿಗೆ. ಕಾಲು ಸರಿಯಿಲ್ಲದವು ಆ ವಯಸ್ಸಿಗೆ ಲಾಯದಲ್ಲೇ ಉಳಿದಿರುತ್ತವೆ. ಓಟ ಗಟ್ಟಿ ಮಾಡಿತೋ, ಗಟ್ಟಿಯಿದ್ದವು ಓಡಿದವೋ ಬಿಡಿಸಿ ಹೇಳುವುದು ಸುಲಭವಲ್ಲ.

ಬೇರೆ ಕ್ರೀಡೆಗಳವರು ಕಾಯುತ್ತಾರೆ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ನಿಯಮದಲ್ಲಿ 160 ಕಿ.ಮೀ. ಎಂಡ್ಯೂರೆನ್ಸ್, ಅಂದರೆ ದೂರದ ಸವಾರಿ ಸ್ಪರ್ಧೆಗೆ ಕುದುರೆಗೆ ಕನಿಷ್ಠ ಎಂಟು ವರ್ಷ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನಕ್ಕೆ ಬಂದಾಗ ಅವರ ಕುದುರೆ ಮೆಡಿಕಾಟ್ ಹತ್ತು ವರ್ಷ ದಾಟಿತ್ತು.

ಅಥಣಿ_ಸವಾರ:
ಎಲ್ಲಾ ಓದಿ ಕಾಕಾಗೂ ಓದಿ ಹೇಳೇನ್ರಿ. ತೂಕದ ಮಾತಿಗೆ ನಕ್ಕ. "ಎಂಬತ್ತು ಕಿಲೋ ಅಂದ್ರ ಕುದರಿಗೇನ ಲೆಕ್ಕ" ಅಂತಾನ. ತೂಕ ಹೆಂಗ ನೋಡೂದ್ರಿ? ಊರಾಗಿನ ವೇ-ಬ್ರಿಜ್‌ನ್ಯಾಗ ಕಬ್ಬಿನ ಟ್ರ್ಯಾಕ್ಟರ್ ತೂಗತಾರ, ಅದರ ಮ್ಯಾಲ ಇದು ನಿಂದ್ರೂದಿಲ್ಲ.

ಬೆಂಗ್ಳೂರು_ಟ್ರಾಟ್:
ದರ್ಜಿ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಕಿಲೋ ಬರುತ್ತೆ. ಇದು ದೊಡ್ಡ ಕುದುರೆಗಳ ಸೂತ್ರ, ಮರಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ, ಅಂದಾಜಿಗೆ ಸಾಕು.

ಅಥಣಿ_ಸವಾರ:
ಸುತ್ತಳತಿ 150, ಉದ್ದ 135. ಲೆಕ್ಕ ಹಾಕಿದ್ರ 255 ಕಿಲೋ ಬಂತ್ರಿ. ಕಾಕಾ 82, ಜೀನು 8.

ಗೋಮಾಳ:
ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ 20% ದಾಟಬಾರದು ಎಂಬುದು ಪೂರ್ತಿ ಬೆಳೆದ, ಕೆಲಸ ರೂಢಿಯಾದ ಕುದುರೆಗೆ ಹೇಳುವ ಮಾತು. 255ರಲ್ಲಿ 51 ಕಿಲೋ. ಕಾಕಾ ಮತ್ತು ಜೀನು ಸೇರಿ 90, ಅಂದರೆ 35%. ಅದೂ ಹಾಲುಹಲ್ಲಿನ ಮರಿಯ ಮೇಲೆ. ಕಾಕಾನ ಮುಂದೆ ಈ ಲೆಕ್ಕ ಇಡಿ.

ಮೇವಿಗೆ ಬರುತ್ತೇನೆ, ಮೊಣಕಾಲಿನ ಊತದಲ್ಲಿ ಅದರ ಪಾಲೂ ಇದೆ. ಬೆಳೆಯುವ ಮರಿಗೆ ರಂಜಕ ಒಂದು ಪಾಲಿದ್ದರೆ ಸುಣ್ಣದ ಅಂಶ (ಕ್ಯಾಲ್ಸಿಯಂ) ಒಂದೂವರೆಯಿಂದ ಎರಡು ಪಾಲು ಬೇಕು. ಗೋಧಿ ತೌಡಿನಲ್ಲಿ ಇದು ಉಲ್ಟಾ: ರಂಜಕ ಕ್ಯಾಲ್ಸಿಯಂನ ಹತ್ತು ಪಟ್ಟಿನ ಆಸುಪಾಸು. ಅದರ ಮೇಲೆ ನೇಪಿಯರ್ ಮತ್ತು ಕಬ್ಬಿನ ಸೋಗೆ. ಇವುಗಳಲ್ಲಿರುವ ಆಕ್ಸಲೇಟ್ ಇದ್ದಬದ್ದ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ. ಎಮ್ಮೆಯ ಹೊಟ್ಟೆಯಲ್ಲಿ ಆಕ್ಸಲೇಟ್ ಒಡೆಯುವ ಸೂಕ್ಷ್ಮಜೀವಿಗಳಿವೆ, ತಕ್ಕಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ. ಕುದುರೆಗೆ ಕ್ಯಾಲ್ಸಿಯಂ ಹೀರಿಕೆಯಾಗುವುದು ಸಣ್ಣ ಕರುಳಿನಲ್ಲಿ, ಅಲ್ಲಿ ಆ ಸೌಕರ್ಯವಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ದೇಹ ಮೂಳೆಯಿಂದಲೇ ಕಿತ್ತು ತುಂಬಿಸಿಕೊಳ್ಳುತ್ತದೆ. ಹೆಚ್ಚಾದರೆ ಮುಖದ ಮೂಳೆ ಊದಿಕೊಂಡು ತಲೆ ದೊಡ್ಡದಾಗುತ್ತದೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ತೌಡು ತಿಂದು ತಿಂದೇ ಇದು ಬರುತ್ತಿತ್ತು.

ತೌಡನ್ನು ಒಂದು ಹಿಡಿಗೆ ಇಳಿಸಿ, ಬೆಲ್ಲ ಬಿಡಿ, ಕಾಳು ಅರ್ಧ ಮಾಡಿ. ಬೇಗ ಬೇಗ ದಪ್ಪವಾಗುವುದು ಈಗ ಬೇಕಿಲ್ಲ. ಪಕ್ಕೆಲುಬು ಕಾಣಬಾರದು, ಕೈಯಾಡಿಸಿದರೆ ಸಿಗಬೇಕು, ಅಷ್ಟಿದ್ದರೆ ಸರಿ. ಕಣಕಿ ಇರಲಿ. ಹಸಿಗೆ ಕುದುರೆಮಸಾಲೆ ಬೆಳೆಯಿರಿ, ನಿಮ್ಮ ಕಪ್ಪುಮಣ್ಣಿಗೆ ಬರುತ್ತದೆ, ಕ್ಯಾಲ್ಸಿಯಂ ಅದರಲ್ಲಿ ಧಾರಾಳ. ತಾಮ್ರ, ಸತುವಿಗೆ ಕುದುರೆಗೆಂದೇ ಮಾಡಿದ ಖನಿಜ ಮಿಶ್ರಣ ಕೊಡಿ. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ, ಹೊಟ್ಟೆಶೂಲೆ ಬಂದೀತು. ಎಲೆಅಡಿಕೆ ಸುಣ್ಣ ಹಾಕುವ ಬುದ್ಧಿವಂತಿಕೆಯೂ ಬೇಡ.

ಹಳೇಹುಲಿ:
ಅಂಗಡಿಯಲ್ಲಿ ಕೀಲಿಗೆ ಅಂತ ಗ್ಲುಕೋಸಮೈನ್ ಡಬ್ಬ ಸಿಗುತ್ತಲ್ಲ, ಅದು?

ಗೋಮಾಳ:
ಬಾಯಿಂದ ಕೊಟ್ಟ ಗ್ಲುಕೋಸಮೈನ್ ಕುದುರೆಯ ಕೀಲಿಗೆ ಉಪಕಾರ ಮಾಡುತ್ತದೆ ಎನ್ನುವುದಕ್ಕೆ ಪುರಾವೆ ಬಹಳ ದುರ್ಬಲ. ಅದೇ ಹಣಕ್ಕೆ ಬೇಲಿ ಹಾಕಿಸಿ. ನೋವು ಮರೆಸುವ ಬ್ಯೂಟ್ ಔಷಧಿ ಪುಡಿ ತಿನ್ನಿಸಿ ಓಡಿಸುವುದಂತೂ ದ್ರೋಹ. ನೋವು ಕಾಣದಾಗುತ್ತದೆ, ಗಾಯ ಬೆಳೆಯುತ್ತಿರುತ್ತದೆ.

ಟಾಂಗಾ_ಮೈಸೂರು:
ಕುಣಿಯೋ ಕುದುರೆ ಬಗ್ಗೆ ಯಾರೂ ಜಾಸ್ತಿ ಬರೀಲಿಲ್ಲ. ಮುಂಗಾಲೆತ್ತಿ ಹಿಂಗಾಲ ಮೇಲೆ ನಿಲ್ಸೋದು, ಅಲ್ಲೇ ಹೆಜ್ಜೆ ಹಾಕ್ಸೋದು. ಇಡೀ ಮೈಭಾರ ಎರಡು ಹಾಕ್ ಮೇಲೆ. ಮದುವೆ ಮೆರವಣಿಗೇಲಿ ಕಾಂಕ್ರೀಟ್ ರಸ್ತೆ ಬೇರೆ. ಆ ಕುದುರೆಗಳ ಹಿಂಗಾಲು ಹತ್ತು ವರ್ಷಕ್ಕೆ ಹೇಗಿರುತ್ತೆ ನೋಡಿದೋರು ಮರಿಗೆ ಕಲಿಸೋಕೆ ಹೋಗಲ್ಲ.

ಅಥಣಿ_ಸವಾರ:
ತಡಾ ಆತು, ಸುಗ್ಗಿ ನಡದಿತ್ತು. ಎಕ್ಸ್‌ರೇ ತಗಿಸೇವ್ರಿ. ಮೊಣಕಾಲ ಮ್ಯಾಲಿನ ತಟ್ಟಿ ಇನ್ನೂ ಪೂರಾ ತೆರದೇತಿ, ಅಂಚು ಅಗಲಾಗೇತಿ, ಫೈಸೈಟಿಸ್ ಅಂತನ ಅಂದ್ರು. ಹಾಕ್ ಕೀಲು ಸ್ವಚ್ಛ ಐತಿ, ಮೂಳಿ ಚೂರು ಗೀರು ಇಲ್ಲ. ಮುಂಗಾಲಿನ ಗೊರಸು ಒಂದು ಮಗ್ಗಲ ಹೆಚ್ಚು ಬೆಳದಿತ್ತು, ನಾಲಬಂದ ಬಂದು ಸಮ ಮಾಡಿ ಹ್ವಾದ. ಲಾಳ ಈಗ ಬ್ಯಾಡಂದ.

ಬಾವಿ ಹಂತೇಕ ಅರ್ಧಾ ಎಕರೆ ಖಾಲಿ ಇತ್ತು, ಅಲ್ಲೆ ಬಿಡೂದಂತ ಮಾಡೇವಿ. ಉಸ್ತಾದ ಅಡ್ವಾನ್ಸ್ ವಾಪಸ್ ಕೊಡವಲ್ಲ, ಇರ್ಲಿ. ಎರಡು ಮಾತು ಕೇಳೂದೈತಿ. ಮುಳ್ಳತಂತಿ ಬೇಲಿ ಐತಿ, ನಡೀತೇತೇನು? ಮತ್ತ, ಒಂದ ಬಿಟ್ರ ಮೂಲ್ಯಾಗ ನಿಂತ ಕೊಟಗಿ ಕಡೆ ನೋಡಿಕೋತ ಒದರತೇತಿ, ನಡಿಯೂದ ಇಲ್ಲ. ಏನ ಮಾಡ್ಲಿ?

ಪೋಲ್ಡರ್_ಕನ್ನಡತಿ:
ಮುಳ್ಳುತಂತಿ ಬೇಡವೇ ಬೇಡ. ಕುದುರೆ ಕಾಲು ಸಿಕ್ಕಿಸ್ಕೊಂಡರೆ ಎಳೆದು ಎಳೆದು ಚರ್ಮ, ಸ್ನಾಯುರಜ್ಜು ಎಲ್ಲ ಕಿತ್ಕೊಳ್ಳುತ್ತೆ. ಬಿದಿರು ಅಥವಾ ಸರ್ವೆ ಗಳ ಎರಡು ಸಾಲು, ಎದೆ ಮಟ್ಟಕ್ಕೊಂದು, ಮೊಣಕಾಲ ಮೇಲೊಂದು. ಅಗಲ ಪಟ್ಟಿಯ ಸೋಲಾರ್ ಝಟಕಾ ಬೇಲಿಯೂ ಆಗುತ್ತೆ. ನೀರಿನ ತೊಟ್ಟಿ ಒಂದು ತುದಿಗೆ, ಮೇವು ಇನ್ನೊಂದು ತುದಿಗೆ ಇಡಿ, ಹೋಗಿ ಬಂದು ಮಾಡುತ್ತೆ.

ಪ್ಯಾಡಾಕ್_ಪುಟ್ಟ:
ಮೊದಲ ದಿನಗಳಲ್ಲಿ ಹುಷಾರು. ಇಷ್ಟು ದಿನ ಕಟ್ಟಿದ್ದನ್ನ ಒಮ್ಮೆಲೇ ಬಿಟ್ರೆ ಹುಚ್ಚೆದ್ದು ಓಡಿ ಜಾರಿ ಬೀಳುತ್ತೆ. ಕೈಯಲ್ಲಿ ಹಿಡಿದು ಹದಿನೈದು ನಿಮಿಷ ನಡೆಸಿ, ಹೊಟ್ಟೆ ತುಂಬಾ ಕಣಕಿ ಹಾಕಿ, ಆಮೇಲೆ ಬಿಡಿ. ಬಾವಿ ಅಂದ್ರಲ್ಲ, ಅದಕ್ಕೆ ಕಟ್ಟೆ ಇದೆಯಾ ಮೊದಲು ನೋಡಿ.

ಗೋಮಾಳ:
ಬಿಸಿ ಪೂರ್ತಿ ಇಳಿಯುವವರೆಗೆ ನಡಿಗೆ ಮತ್ತು ಬಯಲು, ಅಷ್ಟೇ. ಹೊಸ ಎಕ್ಸ್‌ರೇಯಲ್ಲಿ ತಟ್ಟೆ ಮುಚ್ಚಿದ್ದು ಕಂಡು, ಮಧ್ಯದ ಗಟ್ಟಿಹಲ್ಲು ಬಂದಮೇಲೆ ಕಡಿವಾಣ, ಖಾಲಿ ಜೀನು, ಉದ್ದ ಲಗಾಮಿನಲ್ಲಿ ಹಿಂದಿನಿಂದ ನಡೆಸುವುದು ಶುರು ಮಾಡಿ. ಮೂರೂವರೆಯ ಹೊತ್ತಿಗೆ ಮನೆಯಲ್ಲಿ ಹಗುರ ಇರುವ ಹುಡುಗರು ಯಾರಾದರೂ ಹತ್ತು ನಿಮಿಷ ನೇರ ದಾರಿಯಲ್ಲಿ ನಡೆಸಲಿ. ಕಾಕಾ ಕಾಯಲಿ, ಅಷ್ಟರಲ್ಲಿ ಅವರೂ ದಿನಾ ಮರಿಯ ಜೊತೆ ನಡೆದರೆ 82 ಇಳಿಯುತ್ತದೆ.

ಜೊತೆಗೆ ಮುದಿ ಹೆಣ್ಣುಕುದುರೆಯೋ ಕತ್ತೆಯೋ ಸಿಕ್ಕರೆ ಉತ್ತಮ. ಒಂಟಿ ಕುದುರೆ ಮೇಯುವುದೇ ಕಡಿಮೆ.

ಅಥಣಿ_ಸವಾರ:
ಕತ್ತಿ ಸಿಗೂದಿಲ್ರಿ. ಒಂದು ಎಮ್ಮಿ ಕರು ಐತಿ, ಅದರ ಕೂಡ ಬಿಟ್ರ? ನಿನ್ನೆ ಬೇಲಿ ಆಚೆ ಈಚೆ ನಿಂತು ಮೂತಿ ಮೂಸಾಡಿದ್ವು.

ಗೋಮಾಳ:
ಧಾರಾಳವಾಗಿ ಬಿಡಿ, ಕರುವಿಗೆ ಇನ್ನೂ ಕೋಡು ಮೊನಚಾಗಿಲ್ಲ ತಾನೆ? ಆದರೆ ಕರುವಿನ ಹಿಂಡಿ, ಪಶು ಆಹಾರ ಕುದುರೆಯ ಬಾಯಿಗೆ ಸಿಗದಂತೆ ಬೇರೆ ಕಡೆ ಕಟ್ಟಿ ತಿನ್ನಿಸಿ. ಕೆಲವು ದನದ ಮತ್ತು ಕೋಳಿ ಆಹಾರಗಳಲ್ಲಿ ಮೊನೆನ್ಸಿನ್ ಬೆರೆಸಿರುತ್ತಾರೆ. ದನಕ್ಕೆ ಅದು ಔಷಧಿ, ಕುದುರೆಗೆ ತೀರಾ ಸ್ವಲ್ಪವೇ ಸಾಕು, ಹೃದಯದ ಸ್ನಾಯು ಕೆಟ್ಟು ಸಾಯುತ್ತದೆ. ಚೀಲದ ಮೇಲಿನ ಚೀಟಿ ಫೋಟೋ ತೆಗೆದು ಹಾಕಿ, ನೋಡಿ ಹೇಳುತ್ತೇನೆ.